ಜ್ವರ ಬರಿಸಿದ ಡಾಕ್ಟರ್

ಬೆಸ್ಸಿ ಡ್ಯಾಶಿಯಲ್ ಎಂಬ 17 ವರ್ಷದ ಅಮೆರಿಕನ್ ಹುಡುಗಿಯ ಕೈ 1890ರ ಬೇಸಿಗೆಯಲ್ಲಿ ರೈಲಿನ ಸೀಟಿನ ಸಂದಿಗೆ ಸಿಕ್ಕಿಹಾಕಿಕೊಂಡಿತು. ನೋಡಲು ಸಣ್ಣ ಪೆಟ್ಟು. ಆದರೆ ಊತ ಇಳಿಯಲಿಲ್ಲ, ನೋವು ಹೆಚ್ಚುತ್ತಲೇ ಹೋಯಿತು. ನ್ಯೂಯಾರ್ಕಿನಲ್ಲಿ ಅವಳನ್ನು ನೋಡಿದ್ದು 28 ವರ್ಷದ ಸರ್ಜನ್ ವಿಲಿಯಂ ಕೋಲಿ. ಹಾರ್ವರ್ಡ್‌ನಲ್ಲಿ ಡಾಕ್ಟರ್ ಓದು ಮುಗಿಸಿ ಎರಡೇ ವರ್ಷವಾಗಿತ್ತು. ಅದು ಸಾರ್ಕೋಮಾ ಎಂಬ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಕೋಲಿ ಮೊಣಕೈ ಕೆಳಗೆ ಅವಳ ಕೈಯನ್ನೇ ಕತ್ತರಿಸಿದರು. ಆದರೂ 1891ರ ಜನವರಿಯಲ್ಲಿ ಬೆಸ್ಸಿ ತೀರಿಕೊಂಡಳು.

ಡಾಕ್ಟರುಗಳಿಗೆ ಸಾವು ಹೊಸದಲ್ಲ. ಆದರೆ ಈ ಸಾವು ಕೋಲಿಯವರನ್ನು ಬಿಡಲಿಲ್ಲ. ಅವರು ಆಸ್ಪತ್ರೆಯ ಹಳೆಯ ಕಡತಗಳನ್ನು ಹರಡಿಕೊಂಡು ಕುಳಿತರು. ಸಾರ್ಕೋಮಾ ಬಂದವರಲ್ಲಿ ಯಾರಾದರೂ ಬದುಕಿದ್ದಾರೆಯೇ ಎಂಬ ಒಂದೇ ಪ್ರಶ್ನೆ. ಈಗ ನಾವು ಡೇಟಾ ಅನಾಲಿಸಿಸ್ ಎಂದು ಕೋರ್ಸ್ ಮಾಡಿ ರೆಸ್ಯೂಮೆಯಲ್ಲಿ ಹಾಕಿಕೊಳ್ಳುವ ಕೆಲಸವನ್ನು ಅವರು ಕೈಬರಹದ ಹಾಳೆಗಳಲ್ಲಿ ಮಾಡಿದರು. ಸಿಕ್ಕಿದ್ದು ಫ್ರೆಡ್ ಸ್ಟೈನ್ ಎಂಬ ಜರ್ಮನ್ ವಲಸಿಗನ ಕಡತ. ಕುತ್ತಿಗೆಯ ಗೆಡ್ಡೆಯನ್ನು ಎಷ್ಟು ಸಲ ತೆಗೆದರೂ ಮತ್ತೆ ಬೆಳೆಯುತ್ತಿತ್ತು. ಕೊನೆಗೆ ಆಪರೇಷನ್ ಗಾಯಕ್ಕೆ ಎರಿಸಿಪೆಲಸ್ ತಗುಲಿತು. ಚರ್ಮ ಕೆಂಡದಂತೆ ಕೆಂಪಾಗಿ, ವಿಪರೀತ ಜ್ವರ ಬರಿಸುವ ಸೋಂಕು ಅದು. ಆಗ ಆ್ಯಂಟಿಬಯಾಟಿಕ್ ಇರಲಿಲ್ಲ. ಇವನು ಉಳಿಯುವುದಿಲ್ಲ ಎಂದೇ ಎಲ್ಲರೂ ಅಂದುಕೊಂಡಿರಬೇಕು. ಆದರೆ ಪ್ರತಿ ಸಲ ಜ್ವರ ಬಂದಾಗಲೂ ಗೆಡ್ಡೆ ಕರಗಿತು, ಕೊನೆಗೆ ಮಾಯವಾಯಿತು. ಮನೆಗೆ ಕಳುಹಿಸಿದರು ಎಂಬಲ್ಲಿಗೆ ಕಡತ ಮುಗಿದಿತ್ತು.

ನನಗೆ ಕೋಲಿ ಇಷ್ಟವಾಗುವುದು ಇಲ್ಲಿಂದ ಮುಂದೆ. ಕಡತ ಓದಿ ಆಶ್ಚರ್ಯಪಟ್ಟು ಮುಚ್ಚಿಡಲಿಲ್ಲ. ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್‌ನಲ್ಲಿ ವಲಸಿಗರು ಕಿಕ್ಕಿರಿದಿದ್ದ ವಠಾರಗಳಲ್ಲಿ ಆ ಮನುಷ್ಯನನ್ನು ಹುಡುಕಿಕೊಂಡು ಹೋದರು. ಆಸ್ಪತ್ರೆ ಬಿಟ್ಟು ವರ್ಷಗಳೇ ಆಗಿದ್ದವು. ಸ್ಟೈನ್ ಸಿಕ್ಕಿದ, ಕುತ್ತಿಗೆಯ ಮೇಲೆ ಕಲೆಯೊಂದನ್ನು ಬಿಟ್ಟರೆ ಆರೋಗ್ಯವಾಗಿದ್ದ.

ಕ್ಯಾನ್ಸರನ್ನು ಕರಗಿಸಿದ್ದು ಸೋಂಕಾದರೆ, ಸೋಂಕನ್ನು ನಾವೇ ಏಕೆ ಕೊಡಬಾರದು? 1891ರಲ್ಲಿಯೇ ಕೋಲಿ ಜೋಲಾ ಎಂಬ ಇಟಾಲಿಯನ್ ವಲಸಿಗನಿಗೆ ಜೀವಂತ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾ ಚುಚ್ಚಿದರು. ಗಂಟಲಲ್ಲಿ ಗೆಡ್ಡೆ ಬೆಳೆದು ಆತನಿಗೆ ಅನ್ನ ನುಂಗುವುದೂ ಕಷ್ಟವಾಗಿತ್ತು, ಉಳಿದದ್ದು ಕೆಲವೇ ವಾರ ಎಂಬ ಸ್ಥಿತಿ. ತಿಂಗಳುಗಟ್ಟಲೆ ಚುಚ್ಚಿದರೂ ಸರಿಯಾಗಿ ಸೋಂಕು ತಗುಲಲಿಲ್ಲ. ಹೆಚ್ಚು ಉಗ್ರವಾದ ತಳಿ ತರಿಸಿ ಚುಚ್ಚಿದ ಮೇಲೆ ಜ್ವರ ಏರಿತು, ಜೋಲಾ ಸಾಯುವಂತಾದ, ಎರಡು ವಾರದಲ್ಲಿ ಗೆಡ್ಡೆ ಕರಗಿತು. ಆಮೇಲೆ ಆತ ಎಂಟು ವರ್ಷ ಬದುಕಿದ. ಇಂದು ಯಾವ ಎಥಿಕ್ಸ್ ಕಮಿಟಿಯೂ ಇದಕ್ಕೆ ಒಪ್ಪುವುದಿಲ್ಲ, ಒಪ್ಪಲೂಬಾರದು. ಏಕೆಂದರೆ ಆಮೇಲಿನ ರೋಗಿಗಳಲ್ಲಿ ಇಬ್ಬರು ಕ್ಯಾನ್ಸರಿನಿಂದಲ್ಲ, ಕೋಲಿ ಕೊಟ್ಟ ಸೋಂಕಿನಿಂದಲೇ ಸತ್ತರು.

ಆಗ ಅವರು ದಾರಿ ಬದಲಿಸಿದರು. ಬ್ಯಾಕ್ಟೀರಿಯಾವನ್ನು ಬಿಸಿ ಮಾಡಿ ಕೊಂದು, ಇನ್ನೊಂದು ಜಾತಿಯ ಬ್ಯಾಕ್ಟೀರಿಯಾ ಬೆರೆಸಿ ಔಷಧ ತಯಾರಿಸಿದರು. ಅದೇ ಮುಂದೆ ಕೋಲಿ ಟಾಕ್ಸಿನ್ ಎನಿಸಿತು. 1893ರಲ್ಲಿ ಜಾನ್ ಫಿಕೆನ್ ಎಂಬ 16 ವರ್ಷದ ಹುಡುಗನಿಗೆ ಇದನ್ನು ಕೊಟ್ಟರು. ಹೊಟ್ಟೆಯೊಳಗೆ ದೊಡ್ಡ ಗೆಡ್ಡೆ, ಆಪರೇಷನ್ ಸಾಧ್ಯವಿರಲಿಲ್ಲ. ಕೆಲವೇ ತಿಂಗಳಲ್ಲಿ ಗೆಡ್ಡೆ ಬಹುಪಾಲು ಇಳಿದುಹೋಯಿತು. 26 ವರ್ಷದ ಮೇಲೆ ಆತ ಸತ್ತದ್ದು ಹೃದಯಾಘಾತದಿಂದ.

ಇಷ್ಟಾದ ಮೇಲೆ ಕೋಲಿಯವರಿಗೆ ಜಯಕಾರ ಬೀಳಬೇಕಿತ್ತಲ್ಲವೇ? 1894ರಲ್ಲೇ ಅಮೆರಿಕದ ಪ್ರಮುಖ ವೈದ್ಯಕೀಯ ಪತ್ರಿಕೆ ಅವರ ಚಿಕಿತ್ಸೆಯನ್ನು ಟೀಕಿಸಿತು. ಅದೇ ಹೊತ್ತಿಗೆ ಎಕ್ಸ್‌ರೇ, ಆಮೇಲೆ ರೇಡಿಯಂ ಬಂದವು. ಕೋಲಿ ಕೆಲಸ ಮಾಡುತ್ತಿದ್ದ ಮೆಮೋರಿಯಲ್ ಆಸ್ಪತ್ರೆಯಲ್ಲಿ ಪ್ರಭಾವಿಯಾಗಿದ್ದ ಜೇಮ್ಸ್ ಯೂಯಿಂಗ್ ರೇಡಿಯಂ ಪಕ್ಷಪಾತಿ, ಟಾಕ್ಸಿನ್ ವಿರೋಧಿ. (ಮೂಳೆಯ ಒಂದು ಬಗೆಯ ಕ್ಯಾನ್ಸರಿಗೆ ಯೂಯಿಂಗ್ ಅವರ ಹೆಸರಿದೆ. ಬೆಸ್ಸಿಯನ್ನು ಕೊಂದದ್ದು ಬಹುಶಃ ಅದೇ ಎಂದು ಈಗಿನ ವೈದ್ಯರು ಹೇಳುತ್ತಾರೆ.) ಕೋಲಿ ಹರ್ನಿಯಾ ಸರ್ಜನ್ ಆಗಿ ದೊಡ್ಡ ಹೆಸರು ಮಾಡಿದರು, ಟಾಕ್ಸಿನ್ ಕೊಡುವುದನ್ನೂ ಬಿಡಲಿಲ್ಲ. 1936ರಲ್ಲಿ ತೀರಿಕೊಂಡರು.

ತಪ್ಪೆಲ್ಲ ಯೂಯಿಂಗ್‌ದೇ ಎಂದು ಬರೆದರೆ ಸಿನಿಮಾ ಕಥೆಯಾಗುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಕೋಲಿ ಟಾಕ್ಸಿನ್ ಎಂಬ ಒಂದೇ ಔಷಧ ಇರಲೇ ಇಲ್ಲ. ಹತ್ತಾರು ಬಗೆಯಲ್ಲಿ ತಯಾರಾಗುತ್ತಿತ್ತು, ಕೆಲವು ಗಟ್ಟಿ, ಕೆಲವು ನೀರು. ಕೆಲವರಿಗೆ ಗೆಡ್ಡೆಗೇ, ಕೆಲವರಿಗೆ ಮಾಂಸಖಂಡಕ್ಕೆ, ಕೆಲವರಿಗೆ ರಕ್ತನಾಳಕ್ಕೆ ಚುಚ್ಚಿದರು. ರೋಗಿಗಳನ್ನು ಆಮೇಲೆ ಗಮನಿಸಿದ್ದೂ ಒಂದೇ ಸಮನಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಟಾಕ್ಸಿನ್ ಕೊಡದೆ ಬಿಟ್ಟ ಅಂಥದೇ ರೋಗಿಗಳ ಗುಂಪು ಹೋಲಿಕೆಗೆ ಇರಲಿಲ್ಲ. ಲ್ಯಾಬ್‌ನಲ್ಲಿ ನಾವು ಪ್ರತಿ ರೀಡಿಂಗಿಗೂ ವೋಲ್ಟೇಜ್, ತಾಪಮಾನ, ಮೀಟರ್ ಎಲ್ಲ ಬದಲಿಸಿ ಗ್ರಾಫ್ ಎಳೆದರೆ ಲೆಕ್ಚರರ್ ಸಹಿ ಹಾಕುತ್ತಾರೆಯೇ? ಹಾಗೆಂದು ಕೋಲಿಯವರನ್ನು ದೂರುವಂತೆಯೂ ಇಲ್ಲ. ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ ಔಷಧ ಪರೀಕ್ಷಿಸುವ ಕ್ರಮಕ್ಕೆ ಮಾದರಿಯಾದದ್ದು ಬ್ರಿಟನ್ನಿನಲ್ಲಿ ಕ್ಷಯರೋಗಕ್ಕೆ ನಡೆದ ಸ್ಟ್ರೆಪ್ಟೊಮೈಸಿನ್ ಪ್ರಯೋಗ. ಅದರ ಫಲಿತಾಂಶ ಬಂದದ್ದು 1948ರಲ್ಲಿ, ಕೋಲಿ ಸತ್ತು 12 ವರ್ಷವಾದ ಮೇಲೆ.

ಅವರ ಕೆಲಸ ಉಳಿದದ್ದು ಮಗಳು ಹೆಲೆನ್ ಕೋಲಿ ನಾಟ್ಸ್ ಅವರಿಂದ. ವೈದ್ಯಕೀಯ ಓದಿರದ ಈಕೆ ಅಪ್ಪನ ಕಾಗದಪತ್ರಗಳನ್ನು ಒಂದೊಂದಾಗಿ ಜೋಡಿಸಿ, ಟಾಕ್ಸಿನ್ ಪಡೆದ ಸಾವಿರದಷ್ಟು ರೋಗಿಗಳ ವಿವರ ಕಲೆಹಾಕಿದರು. 1953ರಲ್ಲಿ ಕ್ಯಾನ್ಸರ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಕಟ್ಟಿದರು. ದೇಹದ ರೋಗನಿರೋಧಕ ಶಕ್ತಿಯಿಂದಲೇ ಕ್ಯಾನ್ಸರನ್ನು ಎದುರಿಸುವ ಯೋಚನೆಯನ್ನು ಯಾರೂ ಕೇಳದಿದ್ದ ಕಾಲದಲ್ಲಿ ಆ ಸಂಸ್ಥೆ ಸಾಕಿತು. ಈಗ ಕೋಲಿಯವರನ್ನು ಇಮ್ಯುನೊಥೆರಪಿಯ ಪಿತಾಮಹ ಎನ್ನುತ್ತಾರೆ.

ಕೋಲಿ ಮಾಡಲು ಹೊರಟದ್ದು ಬಿಳಿರಕ್ತಕಣಗಳ ಆಕ್ಸಿಲರೇಟರ್ ಒತ್ತುವ ಕೆಲಸ ಎನ್ನಬಹುದು. ಅವುಗಳಿಗೆ ಬ್ರೇಕ್ ಕೂಡ ಇದೆ. ಅಂಥ ಒಂದು ಬ್ರೇಕ್ ಪಿಡಿ-1. ಅದನ್ನು ಕಂಡುಹಿಡಿದ ಜಪಾನಿನ ತಸುಕು ಹೊಂಜೊ 2018ರಲ್ಲಿ ಜೇಮ್ಸ್ ಆಲಿಸನ್ ಜೊತೆ ನೊಬೆಲ್ ಪಡೆದರು. ಹಾಜ್‌ಕಿನ್ ಲಿಂಫೋಮಾ ಎಂಬ ದುಗ್ಧರಸ ಗ್ರಂಥಿಗಳ ಕ್ಯಾನ್ಸರಿನ ಕಣಗಳು ಈ ಬ್ರೇಕನ್ನು ಬಲವಾಗಿ ಒತ್ತಿ ಹಿಡಿಯುತ್ತವೆ. ನಿವೊಲುಮಾಬ್ ಎಂಬ ಔಷಧ ಅದನ್ನು ಬಿಡಿಸುತ್ತದೆ. ಹರೆಯದವರಿಗೇ ಹೆಚ್ಚಾಗಿ ಬರುವ ಕ್ಯಾನ್ಸರ್ ಇದು, ಅಂದರೆ ನಮ್ಮ ನಿಮ್ಮ ವಯಸ್ಸಿನವರಿಗೆ. ಕಿಮೋಥೆರಪಿ, ರೇಡಿಯೇಷನ್‌ನಿಂದ ಬಹಳ ಜನ ಗುಣವಾಗುತ್ತಾರೆ. ಆದರೆ ಇಪ್ಪತ್ತರಲ್ಲಿ ಗುಣವಾದವರಿಗೆ ನಲವತ್ತರಲ್ಲಿ ಅದೇ ಚಿಕಿತ್ಸೆಯಿಂದ ಹೃದಯದ ತೊಂದರೆಯೋ ಇನ್ನೊಂದು ಕ್ಯಾನ್ಸರೋ ಬರಬಹುದು.

ಜರ್ಮನಿಯಲ್ಲಿ 2017ರಲ್ಲಿ ಶುರುವಾದ ನಿವಾಲ್ ಟ್ರಯಲ್‌ನಲ್ಲಿ, ಈ ರೋಗ ಆರಂಭದ ಹಂತದಲ್ಲಿದ್ದರೂ ಅಪಾಯದ ಲಕ್ಷಣಗಳಿದ್ದ 109 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ನಿವೊಲುಮಾಬ್ ಮತ್ತು ಕಿಮೋ ಮೊದಲಿನಿಂದಲೂ ಒಟ್ಟಿಗೆ, ಇನ್ನೊಂದಕ್ಕೆ ಮೊದಲು ನಿವೊಲುಮಾಬ್, ಕಿಮೋ ಆಮೇಲೆ. ಡೋಸ್, ದಿನ, ಸ್ಕ್ಯಾನ್ ಎಲ್ಲವೂ ಮೊದಲೇ ಬರೆದಿಟ್ಟ ಪ್ರಕಾರ. ಮೂರು ವರ್ಷದ ಲೆಕ್ಕ ಬಂದಾಗ ಒಬ್ಬರೂ ಸತ್ತಿರಲಿಲ್ಲ. ಆದರೂ ಇದು ಎರಡನೇ ಹಂತದ ಸಣ್ಣ ಟ್ರಯಲ್. ಎರಡೂ ಗುಂಪಿಗೆ ಹೊಸ ಔಷಧವೇ ಸಿಕ್ಕಿತ್ತು, ಹಳೆಯ ಚಿಕಿತ್ಸೆಯೊಂದಿಗೆ ನೇರ ಹೋಲಿಕೆ ಇರಲಿಲ್ಲ. ಕೊನೆಯಲ್ಲಿ ಎಲ್ಲರಿಗೂ ರೇಡಿಯೇಷನ್ ಕೊಡುವ ಯೋಜನೆಯೂ ಇತ್ತು. ಅದನ್ನು ಕೈಬಿಟ್ಟರೂ ಇದೇ ಫಲಿತಾಂಶ ಬರುತ್ತದೆಯೇ ಎಂದು ತಿಳಿಯಲು ಇನ್ನೊಂದು ಟ್ರಯಲ್ ಬೇಕು.