ಗಡಿ ವರದಿಯ ಮಹಾಜನ್ ಯಾರು?

ಕಾಸರಗೋಡಿನಿಂದ ಅಕ್ಕಲಕೋಟೆಯವರೆಗೆ 'ಮಹಾಜನ್ ವರದಿ' ಎಂಬ ಮಾತು ಕೇಳದವರು ಕಡಿಮೆ. ಆ ಮಹಾಜನ್ ಯಾರು ಎಂದರೆ ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ.

ಮೆಹರ್‌ಚಂದ್ ಮಹಾಜನ್ ಹುಟ್ಟಿದ್ದು 1889ರ ಡಿಸೆಂಬರ್‌ನಲ್ಲಿ, ಈಗ ಹಿಮಾಚಲ ಪ್ರದೇಶಕ್ಕೆ ಸೇರಿದ ಕಾಂಗ್ರಾ ಸೀಮೆಯಲ್ಲಿ. ಲಾಹೋರಿನಲ್ಲಿ ಓದು, ಗುರುದಾಸಪುರದಲ್ಲಿ ವಕೀಲಿ, ಮತ್ತೆ ಲಾಹೋರು. 1943ರಲ್ಲಿ ಅಲ್ಲಿನ ಹೈಕೋರ್ಟಿನ ನ್ಯಾಯಾಧೀಶರಾದರು.

1947ರಲ್ಲಿ ಪಂಜಾಬ್ ಗಡಿ ಆಯೋಗದ ನಾಲ್ವರು ಸದಸ್ಯರಲ್ಲಿ ಅವರೂ ಒಬ್ಬರು. ಇಬ್ಬರು ಒಂದು ಕಡೆ, ಇಬ್ಬರು ಇನ್ನೊಂದು ಕಡೆ. ಕೊನೆಗೆ ಗೆರೆ ಎಳೆದವರು ಅಧ್ಯಕ್ಷ ರ‍್ಯಾಡ್‌ಕ್ಲಿಫ್. ಗುರುದಾಸಪುರದ ನಾಲ್ಕು ತಹಸೀಲುಗಳಲ್ಲಿ ಮೂರು ಭಾರತಕ್ಕೆ ಬಂದವು. ಆದರೆ ಮಹಾಜನ್ ದಶಕಗಳ ಕಾಲ ದುಡಿದ ಲಾಹೋರೇ ಪಾಕಿಸ್ತಾನದ ಪಾಲಾಯಿತು. ಊರು ಕಳೆದುಕೊಳ್ಳುವುದು ಎಂದರೇನು ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಅದೇ ಅಕ್ಟೋಬರ್‌ನಲ್ಲಿ ಕಾಶ್ಮೀರದ ಪ್ರಧಾನಿ. ಮಹಾರಾಜ ಹರಿಸಿಂಗ್ ಭಾರತಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದಾಗ ಆ ಹುದ್ದೆಯಲ್ಲಿದ್ದವರು ಇವರೇ. 1950ರಲ್ಲಿ ಸುಪ್ರೀಂ ಕೋರ್ಟ್ ಆರಂಭವಾದಾಗ ಮೊದಲ ನ್ಯಾಯಾಧೀಶರ ಸಾಲಿನಲ್ಲಿದ್ದರು. 1954ರಲ್ಲಿ ಮುಖ್ಯ ನ್ಯಾಯಮೂರ್ತಿ.

ಅದೇ ಸಾಲಿನಲ್ಲಿದ್ದ ಫಜಲ್ ಅಲಿ ಮುಂದೆ ರಾಜ್ಯ ಪುನರ್ವಿಂಗಡಣಾ ಆಯೋಗದ ಅಧ್ಯಕ್ಷರಾಗಿ ಕಾಸರಗೋಡನ್ನು ಕೇರಳಕ್ಕೆ ಸೇರಿಸಲು ಹೇಳಿದರು. 1956ರ ನವೆಂಬರ್ 1ರಂದು ಹಾಗೆಯೇ ಆಯಿತು. ಜಗಳ ಮಾತ್ರ ಮುಗಿಯಲಿಲ್ಲ. 1966ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ ಏಕಸದಸ್ಯ ಆಯೋಗ ನೇಮಿಸಿ, ಎಪ್ಪತ್ತಾರರ ವೃದ್ಧ ಮಹಾಜನ್‌ರಿಗೆ ಕೆಲಸ ವಹಿಸಿತು.

ಹತ್ತೇ ತಿಂಗಳಲ್ಲಿ, 1967ರ ಆಗಸ್ಟ್‌ನಲ್ಲಿ ವರದಿ ಸಿದ್ಧ. ಬೆಳಗಾವಿ ನಗರ ಮೈಸೂರಿನಲ್ಲೇ ಇರಲಿ. ನಿಪ್ಪಾಣಿ, ನಂದಗಡ ಸೇರಿ 264 ಊರುಗಳು ಮಹಾರಾಷ್ಟ್ರಕ್ಕೆ ಹೋಗಲಿ. ಇಡೀ ಅಕ್ಕಲಕೋಟೆ ತಾಲೂಕು, ಜತ್ತಿನ 44 ಹಳ್ಳಿ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳು ಸೇರಿ 247 ಊರುಗಳು ಮೈಸೂರಿಗೆ ಬರಲಿ. ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗವೂ ಮೈಸೂರಿಗೆ. (ತಾಳವಾಡಿ, ಹೊಸೂರು, ಆದೋನಿಯ ಪ್ರಶ್ನೆ ಈ ಆಯೋಗದ ಮುಂದೆ ಇರಲೇ ಇಲ್ಲ.)

ಮೈಸೂರು ಒಪ್ಪಿತು. ಮಹಾರಾಷ್ಟ್ರ, ಕೇರಳ ಒಪ್ಪಲಿಲ್ಲ. ಕೇಂದ್ರ ಕೈಕಟ್ಟಿ ಕೂತಿತು. ಒಂದು ಹಳ್ಳಿಯೂ ಅತ್ತಿತ್ತ ಆಗಲಿಲ್ಲ. ನಾಲ್ಕೇ ತಿಂಗಳಲ್ಲಿ, ಡಿಸೆಂಬರ್‌ನಲ್ಲಿ, ಮಹಾಜನ್ ತೀರಿಕೊಂಡರು.

2004ರಲ್ಲಿ ಮಹಾರಾಷ್ಟ್ರ ಈ ಗಡಿ ತಕರಾರನ್ನು ಸುಪ್ರೀಂ ಕೋರ್ಟಿಗೆ ಒಯ್ದಿತು. ಐವತ್ತು ವರ್ಷದ ಹಿಂದೆ ಮಹಾಜನ್ ಮುಖ್ಯ ನ್ಯಾಯಮೂರ್ತಿಯಾಗಿದ್ದ ಕೋರ್ಟ್ ಅದೇ.