ಪಾಲ್ವಂಕರ್ ಬಾಲೂ

ಪ್ರತಿಭೆಗೆ ಕುಲವಿಲ್ಲವೆಂಬ ಮಾತನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಪ್ರತಿಭಾವಂತನನ್ನು ಕುಲದಿಂದಲೇ ಅಳೆಯುತ್ತಿದ್ದ ಕಾಲವೊಂದಿತ್ತು. ಅಂಥ ಕಾಲದಲ್ಲಿ ಹುಟ್ಟಿ, ಕ್ರಿಕೆಟ್ ಚೆಂಡನ್ನು ನಂಬಿ ಬಾಳಿ, ದೇಶದ ಮೊದಲ ಶ್ರೇಷ್ಠ ಬೌಲರ್ ಎನಿಸಿದವರು ಪಾಲ್ವಂಕರ್ ಬಾಲೂ.

ಬಾಲೂ ಅವರು 1876ರ ಸುಮಾರಿಗೆ ಧಾರವಾಡದಲ್ಲಿ ಜನಿಸಿದರು. ಅವರದು ಅಂದು ಅಸ್ಪೃಶ್ಯವೆಂದು ದೂರವಿಡಲಾಗಿದ್ದ ಚರ್ಮಕಾರ ಸಮುದಾಯ. ತಂದೆ ಸೈನ್ಯದ ನೌಕರಿಯಲ್ಲಿದ್ದುದರಿಂದ ಬಾಲೂ ಬೆಳೆದದ್ದು ಪುಣೆಯಲ್ಲಿ. ಸೈನ್ಯಾಧಿಕಾರಿಗಳು ಬಳಸಿ ಬಿಟ್ಟ ದಾಂಡು, ಚೆಂಡುಗಳಿಂದಲೇ ಅವರೂ ತಮ್ಮ ಶಿವರಾಮನೂ ಆಟ ಕಲಿತರು.

ಆಗ ಕ್ರಿಕೆಟ್ ಸಿರಿವಂತರ ವಿನೋದವಾಗಿತ್ತು. ಬಾಲೂ ಅವರಿಗೆ ಅದು ಹೊಟ್ಟೆಪಾಡು. ಪಾರಸಿಗಳ ಕ್ಲಬ್ಬೊಂದರಲ್ಲಿ ತಿಂಗಳಿಗೆ 3 ರೂಪಾಯಿ ಸಂಬಳಕ್ಕೆ ಅವರು ಮೈದಾನ ಗುಡಿಸಿದರು. ಬಳಿಕ ಯುರೋಪಿಯನ್ನರ ಪೂನಾ ಕ್ಲಬ್ಬಿನಲ್ಲಿ 4 ರೂಪಾಯಿಗೆ ಪಿಚ್ಚಿನ ಮೇಲೆ ರೋಲರ್ ಎಳೆದರು, ಬಲೆ ಕಟ್ಟಿದರು. ಅಲ್ಲಿನ ಆಟಗಾರರು ಅಭ್ಯಾಸಕ್ಕಾಗಿ ಅವರಿಂದ ಬೌಲಿಂಗ್ ಮಾಡಿಸತೊಡಗಿದರು. ಎಡಗೈಯಿಂದ ನಿಧಾನವಾಗಿ ಬಂದು ತಟಕ್ಕನೆ ತಿರುಗುವ ಆ ಚೆಂಡು ಹೆಸರಾಂತ ದಾಂಡಿಗ ಗ್ರೆಗ್ ಅವರನ್ನೂ ತಬ್ಬಿಬ್ಬುಗೊಳಿಸುತ್ತಿತ್ತು. ತಮ್ಮನ್ನು ಔಟ್ ಮಾಡಿದ ಪ್ರತಿಯೊಂದು ಸಲಕ್ಕೂ ಗ್ರೆಗ್ ಎಂಟಾಣೆ ಕೊಡುತ್ತಿದ್ದರೆಂದು ಹೇಳುತ್ತಾರೆ. ಆದರೆ ಗಂಟೆಗಟ್ಟಲೆ ಚೆಂಡೆಸೆದ ಆ ಯುವಕನ ಕೈಗೆ ಅಲ್ಲಿ ಯಾರೂ ದಾಂಡು ಕೊಡಲಿಲ್ಲ.

ಬಾಲೂ ಅವರ ಕೀರ್ತಿ ಹಬ್ಬಿದಂತೆ ಪುಣೆಯ ಹಿಂದೂ ಕ್ಲಬ್ಬು ಇಕ್ಕಟ್ಟಿಗೆ ಸಿಲುಕಿತು. ಅವರಿಲ್ಲದೆ ಗೆಲುವು ಕಷ್ಟ. ಅವರನ್ನು ಸೇರಿಸಿಕೊಂಡರೆ ಮಡಿವಂತಿಕೆಗೆ ಭಂಗ. ಕಡೆಗೆ ಗೆಲುವಿನಾಸೆಯೇ ಮೇಲಾಯಿತು. ಮೈದಾನದಲ್ಲಿ ಎಲ್ಲರೂ ಅವರು ಮುಟ್ಟಿದ ಚೆಂಡನ್ನೇ ಮುಟ್ಟಿದರು. ವಿರಾಮದ ವೇಳೆಯಲ್ಲಿ ಮಾತ್ರ ಉಳಿದವರು ಒಳಗೆ ಕುಳಿತು ಚಹಾ ಕುಡಿದರೆ, ಬಾಲೂ ಅವರಿಗೆ ಹೊರಗೆ, ಮಣ್ಣಿನ ಕುಡಿಕೆಯಲ್ಲಿ!

1896ರ ಪ್ಲೇಗಿನ ಬಳಿಕ ಅವರು ಮುಂಬಯಿ ಸೇರಿ, ರೈಲ್ವೆ ನೌಕರಿಯಲ್ಲಿದ್ದು ಹಿಂದೂ ಜಿಮಖಾನದ ಪರವಾಗಿ ಆಡಿದರು. 1906ರಲ್ಲಿ ಹಿಂದೂ ತಂಡವು ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿದಾಗ ಆ ವಿಜಯದಲ್ಲಿ ಬಾಲೂ ಅವರ ಪಾತ್ರ ಹಿರಿದಾಗಿತ್ತು. 1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಆದರೂ ಭುಜದ ನೋವನ್ನು ಸಹಿಸಿಕೊಂಡು ಆಡಿದ ಬಾಲೂ 114 ವಿಕೆಟ್ ಪಡೆದು ಆಂಗ್ಲರ ಮೆಚ್ಚುಗೆ ಗಳಿಸಿದರು.

ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಅವರಿಗೆ ದೊರೆಯಲಿಲ್ಲ. ವರ್ಷ ವರ್ಷವೂ ಅವರಿಗಿಂತ ಕಡಿಮೆ ಅನುಭವದವರು ನಾಯಕರಾದರು. 1920ರಲ್ಲಿ ಬಾಲೂ ಅವರನ್ನು ತಂಡದಿಂದಲೇ ಕೈಬಿಡಲಾಯಿತು. ನಾಯಕತ್ವದ ವಿಚಾರದಲ್ಲಿ ತಮಗಾದ ಅನ್ಯಾಯವನ್ನು ಪ್ರತಿಭಟಿಸಿ ತಮ್ಮಂದಿರಾದ ಶಿವರಾಮ, ವಿಠ್ಠಲ ಇಬ್ಬರೂ ಹೊರನಡೆದರು. ಕಡೆಗೆ ಆಡಳಿತಗಾರರು ಮಣಿದು, ಅಂತಿಮ ಪಂದ್ಯಕ್ಕೆ ಬಾಲೂ ಅವರನ್ನು ಉಪನಾಯಕರನ್ನಾಗಿ ಮಾಡಿದರು. 1923ರಲ್ಲಿ ವಿಠ್ಠಲ ನಾಯಕರಾಗಿ ತಂಡವನ್ನು ಗೆಲ್ಲಿಸಿದರು. ಅಣ್ಣನಿಗೆ ಮುಚ್ಚಿದ್ದ ಬಾಗಿಲು ತಮ್ಮನಿಗೆ ತೆರೆಯಿತು.

ದಲಿತ ಯುವಜನರಿಗೆ ಬಾಲೂ ಆದರ್ಶರಾಗಿದ್ದರು, ಡಾ. ಬಿ. ಆರ್. ಅಂಬೇಡ್ಕರ್ ಅವರೂ ಅವರನ್ನು ಮೆಚ್ಚಿಕೊಂಡಿದ್ದರು. ಮುಂದೆ ಇಬ್ಬರ ರಾಜಕೀಯ ಮಾರ್ಗಗಳು ಬೇರೆಯಾದವು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷದಿಂದ ಅಂಬೇಡ್ಕರ್ ಅವರಿಗೆದುರಾಗಿ ನಿಂತು ಬಾಲೂ ಸೋತರು. 1955ರ ಜುಲೈ 4ರಂದು ಅವರು ನಿಧನರಾದರು.

ಮೊದಲ ದರ್ಜೆಯ 33 ಪಂದ್ಯಗಳಲ್ಲಿ ಅವರು ಪಡೆದ ವಿಕೆಟ್‌ಗಳು 179. ಲೆಕ್ಕದ ಪುಸ್ತಕ ಇಷ್ಟನ್ನು ಹೇಳೀತು. ಹೊರಗೆ ನಿಂತು ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿದು, ಮರುಕ್ಷಣವೇ ಅದೇ ತಂಡದ ಗೆಲುವಿಗಾಗಿ ಚೆಂಡು ಹಿಡಿದು ನಡೆದ ಅವರ ಮನೋಬಲವನ್ನು ಯಾವ ಅಂಕಿ ಅಳೆಯಬಲ್ಲದು?