ಬಾಣಂತಿಯರ ಬಂಧು ಸೆಮ್ಮೆಲ್‌ವೈಸ್

ಧರ್ಮಾಸ್ಪತ್ರೆಯ ಬಾಗಿಲು ತೆರೆದಿದ್ದ ಮಾತ್ರಕ್ಕೆ ಬಡವರಿಗೆ ವೈದ್ಯಸಹಾಯವು ದೊರೆಯಿತೆಂದು ಲೆಕ್ಕ ಬರೆದುಕೊಳ್ಳುವುದು ಅಧಿಕಾರಿವರ್ಗದ ಹಳೆಯ ರೂಢಿ. ಅಂತಹ ಬಾಗಿಲೊಂದನ್ನು ಕಂಡು ತುಂಬು ಗರ್ಭಿಣಿಯರು ಹಿಮ್ಮೆಟ್ಟಿ, ನಡುಬೀದಿಯಲ್ಲಿ ಹೆರುವುದೇ ಲೇಸೆಂದು ಬಗೆದ ಕಾಲವೊಂದಿತ್ತು. ಅದು ನಡೆದುದು ಯೂರೋಪಿನ ವೈದ್ಯವಿದ್ಯೆಗೆ ತವರೆನಿಸಿದ್ದ ವಿಯೆನ್ನಾ ನಗರದಲ್ಲಿ. ಆ ಭೀತಿಯ ಕಾರಣವನ್ನು ಕಂಡುಹಿಡಿದ ಇಗ್ನಾಟ್ಸ್ ಸೆಮ್ಮೆಲ್‌ವೈಸನ ಚರಿತ್ರೆಯನ್ನು ನಾವಿಂದು ವಾಚಕರ ಮುಂದಿಡುತ್ತೇವೆ.

ಆತನು 1818ನೆಯ ಇಸವಿ ಜುಲೈ 1ರಂದು ಹಂಗೆರಿಯ ಬುಡಾ ಪಟ್ಟಣದಲ್ಲಿ ದಿನಸಿ ವರ್ತಕನ ಮಗನಾಗಿ ಜನಿಸಿದನು. ನ್ಯಾಯಶಾಸ್ತ್ರವನ್ನು ಕಲಿಯಲು ವಿಯೆನ್ನಾಕ್ಕೆ ಹೋದವನು ವೈದ್ಯಶಾಸ್ತ್ರಕ್ಕೆ ಮನಸೋತು, 1844ರಲ್ಲಿ ವೈದ್ಯಪದವಿಯನ್ನು ಪಡೆದು, 1846ರಲ್ಲಿ ಅಲ್ಲಿಯ ಸಾರ್ವಜನಿಕ ಆಸ್ಪತ್ರೆಯ ಪ್ರಸೂತಿ ವಿಭಾಗದಲ್ಲಿ ಪ್ರೊಫೆಸರ್ ಕ್ಲೈನನ ಸಹಾಯಕನಾದನು.

ಈ ಪ್ರಸೂತಿಗೃಹದ ವ್ಯವಸ್ಥೆಯನ್ನು ಸ್ವಲ್ಪ ವಿವರಿಸಬೇಕು. ಅಲ್ಲಿಗೆ ಬರುತ್ತಿದ್ದವರು ಬಹುಮಟ್ಟಿಗೆ ಬಡ ಹೆಂಗಸರು, ಗಂಡನಿಲ್ಲದೆ ಬಸುರಾದವರು. ವಿದ್ಯಾರ್ಥಿಗಳ ಅಭ್ಯಾಸಕ್ಕೆ ತಮ್ಮ ದೇಹವನ್ನು ಒಪ್ಪಿಸಿದರೆ ಹೆರಿಗೆಯೂ ಉಚಿತ. ಹುಟ್ಟಿದ ಶಿಶುವನ್ನು ಅನಾಥ ಶಿಶುಗಳ ಮಂದಿರಕ್ಕೆ ಹಣ ಕೊಡದೆ ಒಪ್ಪಿಸುವ ಹಕ್ಕೂ ಉಂಟು. ವಿಭಾಗಗಳು ಎರಡು. ಮೊದಲನೆಯದರಲ್ಲಿ ವೈದ್ಯವಿದ್ಯಾರ್ಥಿಗಳೂ ಎರಡನೆಯದರಲ್ಲಿ ಸೂಲಗಿತ್ತಿಯರೂ ಕಲಿಯುತ್ತಿದ್ದರು. ಯಾವ ದಿನ ಬಂದರೆ ಯಾವ ವಿಭಾಗವೆಂಬುದು ಸರದಿಯಿಂದ ನಿಶ್ಚಯವಾಗುತ್ತಿತ್ತು. 1841ರಿಂದ 1846ರವರೆಗಿನ ಆರು ವರ್ಷಗಳಲ್ಲಿ ಮೊದಲನೆಯ ವಿಭಾಗದಲ್ಲಿ ಹೆತ್ತ 20,042 ಮಂದಿಯ ಪೈಕಿ 1,989 ಮಂದಿ ಸತ್ತರು. ಎರಡನೆಯದರಲ್ಲಿ 17,791 ಮಂದಿಯ ಪೈಕಿ 691. ಒಂದೇ ಸೂರು, ಒಂದೇ ನಗರದ ಗಾಳಿ. ಸಾವು ಮಾತ್ರ ಎರಡೂವರೆ ಪಟ್ಟು. ಕೊಲ್ಲುತ್ತಿದ್ದುದು ಸೂತಿಕಾಜ್ವರ, ನಮ್ಮ ಹಳ್ಳಿಗಳಲ್ಲಿ ಬಾಣಂತಿ ಸನ್ನಿಯೆಂದು ಹೆಸರಾದ ವ್ಯಾಧಿ.

ಪಂಡಿತರು ಇದನ್ನು ಗಾಳಿಯ ದೋಷವೆಂದರು, ಗ್ರಹಚಾರವೆಂದರು, ಜನಸಂದಣಿಯೆಂದರು. ಬಡ ಹೆಂಗಸರಿಗೆ ಮಾತ್ರ ಸತ್ಯವು ತಿಳಿದಿತ್ತು. ಮೊದಲನೆಯ ವಿಭಾಗಕ್ಕೆ ಸೇರಿಸಬೇಡಿರೆಂದು ಅವರು ಮೊಣಕಾಲೂರಿ ಬೇಡಿಕೊಳ್ಳುತ್ತಿದ್ದರು. ದಾರಿಯಲ್ಲಿಯೇ ಹೆತ್ತು, ಶಿಶುವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದವರಿಗೂ ಶಿಶುಮಂದಿರದ ಹಕ್ಕು ದೊರೆಯುತ್ತಿದ್ದುದರಿಂದ ಬೀದಿಯಲ್ಲಿ ಹೆರುವವರ ಸಂಖ್ಯೆಯು ಬೆಳೆಯಿತು. ಸೆಮ್ಮೆಲ್‌ವೈಸನು ವಿಸ್ಮಯದಿಂದ ಗಮನಿಸಿದುದೇನೆಂದರೆ, ಹೀಗೆ ಯಾರ ಶುಶ್ರೂಷೆಯೂ ಇಲ್ಲದೆ ಹೆತ್ತವರಿಗೆ ಆ ಜ್ವರವು ಬಹಳ ಅಪರೂಪವಾಗಿತ್ತು. ಅಜ್ಞರೆಂದು ತಿರಸ್ಕೃತರಾದವರ ಭಯವನ್ನು ಸಾಕ್ಷ್ಯವೆಂದು ಎಣಿಸಿದುದರಲ್ಲಿಯೇ ಈತನ ಹಿರಿಮೆಯಿದೆಯೆಂದು ನಾವು ಭಾವಿಸುತ್ತೇವೆ.

ಆತನು ಒಂದೊಂದೇ ಕಾರಣವನ್ನು ಪರೀಕ್ಷಿಸಿ ತಳ್ಳಿಹಾಕಿದನು. ಸಾಯುವವರಿಗೆ ಸಂಸ್ಕಾರ ಮಾಡಲು ಗಂಟೆ ಬಾರಿಸುತ್ತ ಬರುವ ಪಾದ್ರಿಯನ್ನು ಕಂಡು ಬಾಣಂತಿಯರು ಬೆದರಿ ರೋಗಕ್ಕೀಡಾಗುವರೋ ಎಂದು ಆ ಗಂಟೆಯನ್ನೂ ನಿಲ್ಲಿಸಿ ನೋಡಿದನು, ಸಾವು ನಿಲ್ಲಲಿಲ್ಲ. 1847ರ ಮಾರ್ಚಿಯಲ್ಲಿ ವೆನಿಸ್ ಪ್ರವಾಸದಿಂದ ಹಿಂದಿರುಗಿದಾಗ, ತನ್ನ ಮಿತ್ರನಾದ ಪ್ರೊಫೆಸರ್ ಕೊಲೆಚ್ಕನು ಶವಪರೀಕ್ಷೆಯಲ್ಲಿ ವಿದ್ಯಾರ್ಥಿಯ ಕತ್ತಿಯು ಬೆರಳಿಗೆ ತಗುಲಿ ಮೃತನಾದನೆಂಬ ವಾರ್ತೆಯು ಕಾದಿತ್ತು. ಆ ದೇಹದಲ್ಲಿ ಕಂಡ ವಿಕಾರಗಳೆಲ್ಲ ಸತ್ತ ಬಾಣಂತಿಯರಲ್ಲಿ ಕಂಡವೇ ಆಗಿದ್ದುವು. ಆಗ ಒಗಟು ಬಿಡಿಸಿತು. ವಿದ್ಯಾರ್ಥಿಗಳು ಬೆಳಗ್ಗೆ ಹೆಣಗಳನ್ನು ಕೊಯ್ದ ಕೈಗಳಿಂದಲೇ ಗರ್ಭಿಣಿಯರನ್ನು ಪರೀಕ್ಷಿಸುತ್ತಿದ್ದರು. ಸೂಲಗಿತ್ತಿಯರಿಗೆ ಶವಾಗಾರದ ಸಂಬಂಧವೇ ಇರಲಿಲ್ಲ. ತನ್ನ ಕೈಗಳೂ ಎಷ್ಟೋ ಮಂದಿಯನ್ನು ಕೊಂದಿರಬೇಕೆಂಬುದನ್ನು ಆತನು ಮರೆಮಾಚಲಿಲ್ಲ.

ಮೇ ತಿಂಗಳ ಮಧ್ಯದಿಂದ, ಕ್ಲೋರಿನ್ ಬೆರೆತ ನೀರಿನಲ್ಲಿ ಕೈ ತೊಳೆಯದೆ ಯಾರೂ ಗರ್ಭಿಣಿಯರನ್ನು ಮುಟ್ಟಕೂಡದೆಂದು ವಿಧಿಸಿದನು. ಏಪ್ರಿಲಿನಲ್ಲಿ ಶೇಕಡಾ 18ಕ್ಕೆ ಮಿಕ್ಕಿದ್ದ ಮರಣವು ಜೂನಿನಲ್ಲಿ ಎರಡರ ಸುಮಾರಿಗೆ, ಜುಲೈಯಲ್ಲಿ ಒಂದರ ಸುಮಾರಿಗೆ ಇಳಿಯಿತು. ಅಕ್ಟೋಬರಿನಲ್ಲಿ ಗರ್ಭಾಶಯದ ಕೊಳೆತ ಹುಣ್ಣಿನ ರೋಗಿಯೊಬ್ಬಳನ್ನು ಮೊದಲು ಪರೀಕ್ಷಿಸಿ, ಬರಿಯ ಸಾಬೂನಿನಿಂದ ತೊಳೆದ ಕೈಗಳಿಂದ ಉಳಿದವರನ್ನು ಮುಟ್ಟಿದುದರಿಂದ ಹನ್ನೆರಡು ಮಂದಿಯಲ್ಲಿ ಹನ್ನೊಂದು ಮಂದಿ ಸತ್ತರು. ನಂಜು ಹೆಣದಿಂದ ಮಾತ್ರವಲ್ಲ, ಬದುಕಿರುವವರ ಕೀವಿನಿಂದಲೂ ಬರುವುದೆಂಬುದು ಹೀಗೆ ತಿಳಿಯಿತು. 1848ರ ಮಾರ್ಚಿ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಮೊದಲನೆಯ ವಿಭಾಗದಲ್ಲಿ ಒಬ್ಬ ಬಾಣಂತಿಯೂ ಸಾಯಲಿಲ್ಲ.

ಇದಕ್ಕೆ ದೊರೆತ ಪ್ರತಿಫಲವೇನು? 1849ರಲ್ಲಿ ಕ್ಲೈನನು ಆತನ ಹುದ್ದೆಯನ್ನು ಮುಂದುವರಿಸಲಿಲ್ಲ. ಹಂಗೆರಿಯು ಆಸ್ಟ್ರಿಯದ ಚಕ್ರಾಧಿಪತ್ಯದ ವಿರುದ್ಧ ದಂಗೆಯೆದ್ದಿದ್ದ ಕಾಲವದು. ಆತನು ಹಂಗೆರಿಯವನೆಂಬುದೂ ಒಂದು ಕಾರಣವೆಂದು ಊಹಿಸುವವರುಂಟು. ಆದರೆ ಕೊಲೆಯು ವೈದ್ಯರ ಕೈಯಲ್ಲಿಯೇ ಇದೆಯೆಂಬ ಮಾತನ್ನು ಪ್ರತಿಷ್ಠಿತರು ಸಹಿಸಲಾರದಾದುದೇ ಮುಖ್ಯವೆಂದು ನಮಗೆ ತೋರುತ್ತದೆ. ಸ್ಕೋಡಾ, ಹೆಬ್ರಾ, ರೊಕಿಟಾನ್ಸ್ಕಿಯಂತಹ ವಿದ್ವಾಂಸರು ಆತನ ಪಕ್ಷದಲ್ಲಿದ್ದರೂ, 1850ರಲ್ಲಿ ಬೊಂಬೆಯ ಮೇಲೆ ಮಾತ್ರ ಪಾಠ ಹೇಳಬಹುದೆಂಬ ಕಟ್ಟಿನೊಡನೆ ಅಧ್ಯಾಪಕತ್ವವು ದೊರೆತಾಗ, ಆ ಮಿತ್ರರಿಗೂ ಹೇಳದೆ ವಿಯೆನ್ನಾವನ್ನು ಬಿಟ್ಟು ಹೊರಟನು.

ಪೆಸ್ಟ್ ನಗರದ ಸಂತ ರೋಕುಸ್ ಆಸ್ಪತ್ರೆಯಲ್ಲಿ ಆರು ವರ್ಷ ದುಡಿದು, 933 ಹೆರಿಗೆಗಳಲ್ಲಿ ಸೂತಿಕಾಜ್ವರದಿಂದ ಎಂಟೇ ಮರಣಗಳಾಗುವಂತೆ ನೋಡಿಕೊಂಡನು. ಆದರೆ ಆತನ ತಪ್ಪನ್ನೂ ಹೇಳಬೇಕು. ತಾನು ಕಂಡುದನ್ನು ಗ್ರಂಥರೂಪವಾಗಿ ಬರೆಯಲು ಹದಿಮೂರು ವರ್ಷಗಳಿಗೂ ಹೆಚ್ಚು ತಡಮಾಡಿದನು. 1861ರ ಆ ಗ್ರಂಥವೂ ಪುನರುಕ್ತಿಯಿಂದಲೂ ಕ್ರೋಧದಿಂದಲೂ ತುಂಬಿತ್ತು. ಅನಂತರ ಒಪ್ಪದ ಪ್ರೊಫೆಸರುಗಳನ್ನು ಕೊಲೆಗಡುಕರೆಂದು ಬಹಿರಂಗ ಪತ್ರಗಳಲ್ಲಿ ನಿಂದಿಸಿದನು. ಆತನ ಮೌನದ ವರ್ಷಗಳಲ್ಲಿ ಯೂರೋಪಿನ ಪ್ರಸೂತಿಗೃಹಗಳಲ್ಲಿ ಎಷ್ಟು ತಾಯಂದಿರು ಸತ್ತರೋ ಲೆಕ್ಕವಿಟ್ಟವರಿಲ್ಲ.

ಕಡೆಗೆ ಬುದ್ಧಿಯು ಕೆಟ್ಟಿತು. 1865ರ ಜುಲೈಯಲ್ಲಿ ಆತನನ್ನು ವಿಯೆನ್ನಾದ ಹುಚ್ಚಾಸ್ಪತ್ರೆಗೆ ಸೇರಿಸಿದರು. ಎರಡು ವಾರಗಳಲ್ಲಿ, ಆಗಸ್ಟ್ 13ರಂದು, ಗಾಯದ ನಂಜು ರಕ್ತಕ್ಕೇರಿ ತನ್ನ ನಲವತ್ತೇಳನೆಯ ವಯಸ್ಸಿನಲ್ಲಿ ಮೃತನಾದನು. ಕೊಲೆಚ್ಕನನ್ನೂ ಬಾಣಂತಿಯರನ್ನೂ ಕೊಂದ ನಂಜೂ ಅದೇ ಜಾತಿಯದು. ಪ್ಯಾರಿಸ್ಸಿನಲ್ಲಿ ಪಾಶ್ಚರನು ಸೂತಿಕಾಜ್ವರದ ಜೀವಾಣುವನ್ನು ವೈದ್ಯಸಭೆಯ ಮುಂದೆ ಹಲಗೆಯ ಮೇಲೆ ಬರೆದು ತೋರಿಸಿದುದು 1879ರಲ್ಲಿ. ಆಗ ಸೆಮ್ಮೆಲ್‌ವೈಸನು ತೀರಿಕೊಂಡು ಹದಿನಾಲ್ಕು ವರ್ಷಗಳಾಗಿದ್ದುವು.